ಸವೆಯಬೇಕಾದ ಹೊಸಿಲು

ಅಮೆರಿಕದ ವಾಲ್ನಟ್ ಕ್ರೀಕಿನ ಆ ಪುಟ್ಟ ಚರ್ಚು ಇಂಗ್ಲೆಂಡಿನ ಹಳ್ಳಿಯೊಂದರ ಎಂಟುನೂರು ವರ್ಷ ಹಳೆಯ ಚರ್ಚಿನ ಪಡಿಯಚ್ಚು. ಅದೇ ಗಿಡ್ಡ ಗೋಪುರ, ಅದೇ ಮೊನಚು ಕಮಾನು. ಅಲ್ಲಿಯ ಕಲ್ಲಿನ ಹೊಸಿಲು ಮಾತ್ರ ಜನರ ಕಾಲಿಗೆ ಸವೆದು ಬೋಗುಣಿಯಂತಾಗಿದೆ; ಇಲ್ಲಿಯದು ಇನ್ನೂ ಸಪಾಟು. ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದ ಮೇಲೆ, ಇಲ್ಲಿ ಚರ್ಚು ತೋರಿಸುವ ಮಂಗಳೂರಿನ ದೇವದಾಸ್ ಹೊಸಿಲ ಮೇಲೆ ಕಾಲಿಡದವರನ್ನು ಒಳಗೆ ಬಿಡುವುದಿಲ್ಲ.

“ತುಳಿದೇ ಬನ್ನಿ ಮಾರಾಯ್ರೆ. ಕಟ್ಟಿದವರದ್ದು ಅರ್ಧ ಕೆಲಸ, ಬಾಕಿದ್ದು ನಮ್ಮ ಕಾಲಿನದ್ದು.”

“ಬಟ್ ಅಜ್ಜ, ಯೂ ನೆವರ್ ಸ್ಟೆಪ್ ಆನ್ ಇಟ್,” ಎಂದಳು ಒಂದು ಭಾನುವಾರ ಮೊಮ್ಮಗಳು ಶ್ರೇಯಾ.

ದೇವದಾಸ್ ತುಳಿಯಲೆಂದೇ ಕಾಲೆತ್ತಿದರು. ಕಾಲು ಎಂದಿನಂತೆ ಕಲ್ಲನ್ನು ದಾಟಿ ಒಳಗಿಳಿಯಿತು.

“ಹೊಸಿಲು ತುಳಿದರೆ ಅಮ್ಮ ಬೈತಿದ್ರು ಮಗಾ. ಈ ಕಾಲು ಅವರ ಮಾತು ಮೀರುದಿಲ್ಲ. ನನ್ನ ಪಾಲಿನದ್ದೂ ನೀನೇ ತುಳಿ.”

ಶ್ರೇಯಾ ಎರಡು ಸಲ ತುಳಿದು ಒಳಗೆ ಬಂದಳು.