ಒಂದೇ ಅಂಗಿಗೆ ಇಬ್ಬರು ಕಳ್ಳರು

ಸುಕ್ಕು ಕಂಡರೆ ಇಸ್ತ್ರಿ ಅಕ್ಕನ ಕೈ ಸುಮ್ಮನಿರುವುದಿಲ್ಲ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು. ಆಸ್ಪತ್ರೆಗೆ ಯಾರನ್ನೋ ನೋಡಲು ಹೋದವಳು ಯೋಗಕ್ಷೇಮ ಕೇಳುವ ಮೊದಲೇ ಹಾಸಿಗೆಯ ಚಾದರವನ್ನು ಎಳೆದು ನೆಟ್ಟಗೆ ಮಾಡಿದಳಂತೆ, ರೋಗಿ ಅದರ ಮೇಲೆ ಮಲಗಿದ್ದ ಹಾಗೆಯೇ. ಬಸ್ಸಿನಲ್ಲಿ ಮುಂದೆ ನಿಂತವನ ಅಂಗಿಯ ಬೆನ್ನನ್ನು ಅಂಗೈಯಿಂದ ತೀಡಿ, ಅವನು ತಿರುಗಿದಾಗ ಕಿಟಕಿಯಾಚೆ ನೋಡುತ್ತ ಕೂತಳಂತೆ. ಅವಳ ಅಂಗಡಿ ಹತ್ತಿರವಾದರೆ ವಯಸ್ಸಾದವರು ಮುಖ ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಾರೆ ಎಂಬುದು ಮಾತ್ರ ಉತ್ಪ್ರೇಕ್ಷೆ. ಒಬ್ಬಿಬ್ಬರು ದಾಟಿರಬಹುದು.

ಇಂಥ ವೀರಾಗ್ರಣಿಗೂ ಒಬ್ಬ ಎದುರಾಳಿ ಇದ್ದರು. ದಾರದ ಕಂಪನಿಯ ಮ್ಯಾನೇಜರು. ಎದುರಿಗೆ ಎಲ್ಲರೂ ಸಾಹೇಬರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಗನ್ನಡಿ. ಮಡಿಸಿಟ್ಟ ಅಂಗಿಗಳನ್ನು ಒಂದೊಂದಾಗಿ ಬಿಚ್ಚಿ, ಬೇರೆ ಗಿರಾಕಿಗಳೆಲ್ಲ ನೋಡುತ್ತಿರುವಂತೆ ಬೆಳಕಿಗೆ ಹಿಡಿಯುವರು. ತೋಳಿನ ಸಂದಿಯಲ್ಲಿ ಇರುವೆ ಮಲಗುವಷ್ಟು ಸುಕ್ಕು ಸಿಕ್ಕಿದರೂ ಸಾಕು, ಅಂಗಿ ಹಾರಿಬಂದು ಅಕ್ಕನ ಎದೆಗೆ ಬೀಳುವುದು. ಇದು ಇಸ್ತ್ರಿ ಮಾಡಿದ್ದೋ, ಮೇಲೆ ಕೂತು ಎದ್ದಿದ್ದೋ ಎಂದು ಕೇಳುವರು.

ಯಾರ ಬಟ್ಟೆ ಯಾವುದೆಂದು ತಿಳಿಯಲು ಅಕ್ಕ ಕಾಲರಿನ ಒಳಗೆ ಬಣ್ಣದ ನೂಲಿನಿಂದ ಒಂದೊಂದು ಗುರುತು ಹಾಕುತ್ತಾಳೆ. ಸಾಹೇಬರದು ಕೆಂಪು. ಒಮ್ಮೆ ಅವರ ಕಟ್ಟಿನಲ್ಲಿ ಯಾರದೋ ಹಳದಿ ಗುರುತಿನ ಅಂಗಿ ಸೇರಿಹೋಯಿತು. ಕಂಡವರ ಮೈಬಟ್ಟೆ ನನ್ನ ಮೈಗೆ ಬರಬೇಕಾ ಎಂದು ಅವರು ಬೀದಿ ಕೂಡಿಸಿದರು. ಅಕ್ಕ ಒಳಗೆ ಹೋಗಿ ಅತ್ತಳು. ಅಂಗಡಿಯಲ್ಲಿ ಜೊತೆಗೆ ದುಡಿಯುವ ಅವಳ ನಾದಿನಿ ಇದ್ದಿಲು ಊದುವ ನೆಪದಲ್ಲಿ ಮನಸಾರೆ ಶಾಪ ಹಾಕಿದಳು.

ಶಾಪ ತಟ್ಟಿತೋ, ಕಾಲ ಕೆಟ್ಟಿತೋ, ಕಂಪನಿ ಮುಚ್ಚಿತು. ಸಾಹೇಬರಿಗೆ ಬೇರೆ ಕಡೆ ಕೆಲಸ ಸಿಕ್ಕರೂ ನಿಲ್ಲಲಿಲ್ಲ. ಸೇರಿದ ವಾರದೊಳಗೆ ಅಲ್ಲಿನ ಯಜಮಾನನ ತಪ್ಪುಗಳನ್ನು ಎತ್ತಿ ತೋರಿಸುತ್ತಿದ್ದರು. ಹೆಂಡತಿ ಮುನಿಸಿಕೊಂಡು ತಮ್ಮನ ಮನೆಗೆ ಹೋದರು, ಕರೆಯಲು ಇವರು ಹೋಗಲಿಲ್ಲ. ಕೊನೆಗೆ ಉಳಿದದ್ದು ಮೆಟ್ಟಿಲ ಕೆಳಗಿನ ಒಂದು ಕೋಣೆ, ತಲೆ ತಗ್ಗಿಸದವರ ಹಣೆ ಒಡೆಯುವಂಥದ್ದು.

ಅಂಗಿಗಳ ಕಟ್ಟು ಸಣ್ಣದಾಗುತ್ತ ಬಂದು ಒಂದೇ ಬಿಳಿ ಅಂಗಿಗೆ ನಿಂತಿತು. ಮಿಕ್ಕವೆಲ್ಲ ಪೆಟ್ಟಿಗೆಯಲ್ಲಿವೆ ಎಂದರು ಸಾಹೇಬರು. ಅಕ್ಕ ಹೌದು ಹೌದು ಎಂದಳು. ಅಂಗಿ ಇಸ್ತ್ರಿಯಾಗುವವರೆಗೂ ಅವರು ಬೆಂಚಿನ ಮೇಲೆ, ಸುಡುವ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಸ್ವೆಟರಿನಲ್ಲಿ ಕೂತಿರುವರು. ಸ್ವೆಟರಿನ ಒಳಗೆ ಏನೂ ಇಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಬೈಗುಳಕ್ಕೆ ಮಾತ್ರ ಯಾವ ಕೊರತೆಯೂ ಬರಲಿಲ್ಲ.

ಹೀಗಿರುವಾಗ ದೇವರಿಗೇ ಕರುಣೆ ಬಂದಂತೆ ಒಂದು ಕೆಲಸ ಎದುರಾಯಿತು. ದೊಡ್ಡ ರಸ್ತೆಯ ಮುದ್ರಣಾಲಯಕ್ಕೆ, ಅಚ್ಚಿಗೆ ಹೋಗುವ ಮೊದಲು ಹಾಳೆಗಳಲ್ಲಿ ತಪ್ಪು ಹುಡುಕುವವರು ಬೇಕಿದ್ದರು. ಸಂಬಳ ಕೊಟ್ಟು ತಪ್ಪು ಹುಡುಕಿಸುವ ಜಾಗ ಭೂಮಿಯ ಮೇಲಿದೆ ಎಂದು ಬೀದಿಯೇ ಬೆರಗಾಯಿತು. ಇದೂ ಕೈತಪ್ಪಿದರೆ ಆ ಮೆಟ್ಟಿಲ ಕೆಳಗಿನ ಕೋಣೆಯೂ ಉಳಿಯುವಂತಿರಲಿಲ್ಲ.

ಬಂದು ಕಾಣಿ ಎಂದು ಮುದ್ರಣಾಲಯದವರು ಹೇಳಿಕಳಿಸಿದ್ದ ದಿನ ಬೆಳಿಗ್ಗೆ ಸಾಹೇಬರು ನೀರು ತೊಟ್ಟಿಕ್ಕುವ ಅಂಗಿಯನ್ನು ಅಕ್ಕನ ಮುಂದೆ ಇಟ್ಟರು. ಹಿಂದಿನ ದಿನ ಒಗೆದದ್ದು, ಬಿಡದ ಮಳೆ, ಗಾಳಿಯಾಡದ ಕೋಣೆ.

"ಇದು ಒಣಗೋದಿಲ್ಲ ಸಾರ್. ಹಸಿ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ರೆ ಹರಿದೇ ಹೋಗುತ್ತೆ, ಬಟ್ಟೆ ಸವೆದಿದೆ."

"ಒಣಗಿಸು. ಕೆಂಡ ಮತ್ಯಾಕೆ ಇಟ್ಕೊಂಡಿದ್ದೀಯ, ಶೋಕಿಗಾ?"

ಗದರಿದ್ದೇನೋ ಸರಿ, ಆದರೆ ಅಂಗಿಯ ತೋಳನ್ನು ತಾವೇ ಮತ್ತೆ ಮತ್ತೆ ಹಿಂಡುತ್ತಿದ್ದರು.

ಆ ಅಂಗಡಿ ಕಟ್ಟಿದವರು ಅಕ್ಕನ ಮಾವ. ಗಿರಾಕಿಯ ಬಟ್ಟೆ ಗಿರಾಕಿಯ ಮೈಗೆ ಮಾತ್ರ, ಇದೊಂದೇ ಅವರ ಶಾಸನ. ಗಿರಾಕಿಯ ಪ್ಯಾಂಟು ತೊಟ್ಟು ಮದುವೆಗೆ ಹೋದ ತಪ್ಪಿಗೆ ಸ್ವಂತ ತಮ್ಮನನ್ನೇ ಹೊರಗೆ ಹಾಕಿದ್ದರು. ಆ ಶಾಸನವನ್ನು ಎಂದೂ ಮೀರದ ಅಕ್ಕ ಅಂದು ಕಪಾಟಿನತ್ತ ತಿರುಗಿ, ಅಳತೆಗೆ ಒಪ್ಪುವ ತಿಳಿನೀಲಿ ಅಂಗಿಯೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು.

"ನಿಮ್ಮದೇ ಸಾರ್. ಹಿಂದೆ ಯಾವಾಗಲೋ ಮರೆತು ಹೋಗಿದ್ರಿ."

ಸಾಹೇಬರು ಅಭ್ಯಾಸಬಲದಿಂದ ಕಾಲರು ತಿರುಗಿಸಿದರು. ಒಳಗೆ ಹಸಿರು ನೂಲು. ಕಾಲರನ್ನು ಮೊದಲಿನಂತೆ ಮಡಿಸಿದರು. ಆಮೇಲೆ ಒಳಗಿನ ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದರು. ಒಂದೇ ಒಂದು ತಪ್ಪು ಹೇಳಲಿಲ್ಲ. ಅವರಿಗೆ ಗೊತ್ತಾಗಿದೆ ಎಂದು ಅಕ್ಕನಿಗೆ ತಿಳಿದದ್ದು ಆಗ.

ಹಸಿರು ಗುರುತು ಔಷಧಿ ಅಂಗಡಿಯವರದು. ಅವರು ಎರಡು ಪೆನ್ನಿಗೆ ಎರಡು ಗೂಡು ಬರುವಂತೆ ಜೇಬು ಹೊಲಿಸಿಕೊಳ್ಳುವವರು, ಊರಲ್ಲಿ ಅಂಥ ಜೇಬು ಇನ್ನೊಂದಿಲ್ಲ. ಗ್ರಹಚಾರ ನೋಡಿ, ತಮ್ಮ ಅಂಗಡಿಯ ಚೀಟಿ ಅಚ್ಚು ಹಾಕಿಸಲು ಅವರೂ ಅಂದೇ ಮುದ್ರಣಾಲಯಕ್ಕೆ ಹೋದರು. ಒಳಗೆ ಯಜಮಾನರ ಎದುರು ಕುರ್ಚಿಯಲ್ಲಿ ಅವರದೇ ಜೇಬು ಕೂತಿತ್ತು.

ಈ ಅಂಗಿ ಎಲ್ಲಿಂದ ಬಂತು ಎಂದು ಕೇಳಿದರು. ಇಸ್ತ್ರಿಯವಳು ಅದಲು ಬದಲು ಮಾಡಿದಳು ಎಂದಿದ್ದರೆ ಸಾಹೇಬರು ಪಾರಾಗುತ್ತಿದ್ದರು. ಪರರ ಮೇಲೆ ತಪ್ಪು ಹೊರಿಸುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಆದರೆ ಅವರು ಎದ್ದು ನಿಂತು, ತಪ್ಪು ನನ್ನದು, ಆಕೆ ನೋಡದಿದ್ದಾಗ ನಾನೇ ಎತ್ತಿಕೊಂಡೆ ಎಂದರಂತೆ. ಜೀವಮಾನದಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಂಡರು, ಅದೂ ಮಾಡದೇ ಇದ್ದದ್ದು.

ಕೆಲಸ ಅಲ್ಲೇ ಮುಗಿಯಿತು. ಔಷಧಿ ಅಂಗಡಿಯವರು ಅವರನ್ನು ತೋಳು ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಬಂದರು. ಹಿಂದೆ ಜನ. ಅಕ್ಕನ ಅಂಗಡಿಯ ಕಟ್ಟೆಯ ಮುಂದೆ ನಿಲ್ಲಿಸಿ, ಕಳ್ಳ ಸಿಕ್ಕಿದ್ದಾನೆ ಎಂದರು. ಸಾಹೇಬರು ಅಕ್ಕನನ್ನು ದುರುಗುಟ್ಟಿ ನೋಡುತ್ತಿದ್ದರು, ಬಾಯಿ ಬಿಟ್ಟೀಯಾ ಜೋಕೆ ಎನ್ನುವ ಹಾಗೆ. ನಾದಿನಿಯೂ ಹಿಂದಿನಿಂದ ಸೆರಗು ಎಳೆದಳು. ಸುಮ್ಮನಿದ್ದರೆ ಅಂಗಡಿ ಉಳಿಯುತ್ತಿತ್ತು.

"ಅವರು ಎತ್ಕೊಂಡಿಲ್ಲ. ನಾನೇ ಕೊಟ್ಟೆ," ಎಂದಳು ಅಕ್ಕ.

ಔಷಧಿ ಅಂಗಡಿಯವರು ಕಂಗಾಲಾದರು. ಒಂದೇ ಅಂಗಿಗೆ ಇಬ್ಬರು ಕಳ್ಳರು, ಇಬ್ಬರೂ ಬಿಟ್ಟುಕೊಡಲು ತಯಾರಿಲ್ಲ. ಬೀದಿಗೆ ಅಂಥ ಗೊಂದಲ ಇರಲಿಲ್ಲ. ನಮ್ಮ ಬಟ್ಟೆಗಳನ್ನು ಯಾರ್ಯಾರು ತೊಟ್ಟು ಮೆರೆದಿದ್ದಾರೋ ಎಂದು ಒಬ್ಬರು ಅಂದದ್ದೇ ತಡ, ಸಂಜೆಯೊಳಗೆ ಕಪಾಟಿನ ಮುಕ್ಕಾಲು ಪಾಲು ಖಾಲಿಯಾಯಿತು. ಕೆಲವರು ಇಸ್ತ್ರಿಯಾಗದ ಬಟ್ಟೆಯನ್ನೂ ಹಾಗೆಯೇ ಹೊತ್ತೊಯ್ದರು.

ಎಲ್ಲ ಹೋದ ಮೇಲೆ ಸಾಹೇಬರು ಸ್ವೆಟರಿನಲ್ಲಿ ಬಂದು ನೀಲಿ ಅಂಗಿ ಹಿಂದಿರುಗಿಸಿದರು. ನೀಟಾಗಿ ಮಡಿಸಿದ್ದರು.

"ನಿನ್ನನ್ನ ಯಾರು ಕೇಳಿದ್ರು? ಹಾಳಾಗಿದ್ದು ನಾನೊಬ್ಬನೇ ಆಗಿದ್ರೆ ಸಾಕಿತ್ತು." ಆಮೇಲೆ ಮಡಿಕೆಯ ಮೇಲೆ ಬೆರಳಿಟ್ಟು, "ಎಡಗಡೆ ಕಾಲರು ಮೆತ್ತಗಿದೆ, ನೋಡು," ಎಂದು ಹೇಳಿ, ಮಳೆಯಲ್ಲಿ ಹೊರಟುಹೋದರು.

ನಾದಿನಿ ಬರಿದಾದ ಕಪಾಟನ್ನು ಒರೆಸುತ್ತಿದ್ದಳು. ಒರೆಸಲು ಏನೂ ಇರಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದಳು.

"ಇಷ್ಟು ವರ್ಷ ಆ ಮನುಷ್ಯ ನಮ್ಮನ್ನ ಅಳಿಸಿದ. ಅಪ್ಪನ ಮಾತು ಮೀರಿ, ಅನ್ನಕ್ಕೇ ಕಲ್ಲು ಹಾಕ್ಕೊಂಡು, ಅವನಿಗೋಸ್ಕರ ಯಾಕೆ ಅತ್ತಿಗೆ?"

ಅಕ್ಕ ತಂತಿಯ ಮೇಲಿನ ಬಿಳಿ ಅಂಗಿಯ ತೋಳನ್ನು ಮುಟ್ಟಿ ನೋಡಿದಳು.

"ಅವರ ಅಂಗಿ ಒಣಗಿರಲಿಲ್ಲ."