ಅರ್ಧಕ್ಕೆ ಬಿಟ್ಟವರ ಗ್ರಂಥಪಾಲಕಿ

ಗ್ರಂಥಾಲಯ ಸೇವೆಯಲ್ಲಿ ಹೆಸರು ಮಾಡಿದವರನ್ನು ನಾವು ಸಾಮಾನ್ಯವಾಗಿ ಅವರು ಕೂಡಿಸಿದ ಪುಸ್ತಕಗಳ ಸಂಖ್ಯೆಯಿಂದ, ಕಟ್ಟಿಸಿದ ಕಟ್ಟಡಗಳ ಅಂತಸ್ತಿನಿಂದ, ತಯಾರಿಸಿದ ಗ್ರಂಥಸೂಚಿಗಳ ಗಾತ್ರದಿಂದ ಗುರುತಿಸುತ್ತೇವೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಶಾಖಾ ಗ್ರಂಥಾಲಯದ ಗ್ರಂಥಪಾಲಕಿಯವರನ್ನು ಆ ಯಾವ ಅಳತೆಗೋಲಿನಿಂದಲೂ ಅಳೆಯಲಾಗದು. ಅವರ ಗ್ರಂಥಾಲಯ ಎರಡೇ ಕೋಣೆಗಳದ್ದು. ಒಂದು ಕೋಣೆಯ ಫ್ಯಾನು ತಿರುಗಿದರೆ ಇನ್ನೊಂದರದ್ದು ನಿಲ್ಲುತ್ತದೆ. ಓದುವವರಿಗೆ ಪುಸ್ತಕ ಕೊಡುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ, ಓದದವರಿಗೆ ಹಿಡಿಸುವ ಪುಸ್ತಕ ಹುಡುಕಿಕೊಡುವುದೇ ಗ್ರಂಥಪಾಲಕರ ಕೆಲಸ ಎಂದು ನಂಬಿ, ಆ ನಂಬಿಕೆಗಾಗಿ ಮೇಲಧಿಕಾರಿಗಳೊಡನೆಯೂ ನಮ್ಮಂಥವರೊಡನೆಯೂ ಒಂದೇ ಸಮನೆ ಜಗಳವಾಡಿದ ಅವರಂಥವರು ಈ ಕ್ಷೇತ್ರದಲ್ಲಿ ವಿರಳ.

ಅವರನ್ನು ಎಲ್ಲರೂ ಕರೆಯುವುದು ‘ಚೀಟಿ ಮೇಡಂ’ ಎಂದು. ಸೇವೆಗೆ ಸೇರಿದ ನಾಲ್ಕನೆಯ ವರ್ಷದಲ್ಲಿ, ಎರವಲು ಒಯ್ದು ಹಿಂದಿರುಗಿಸದ ಕಾದಂಬರಿಯೊಂದನ್ನು ಹುಡುಕಿಕೊಂಡು ಅವರು ಒಂದು ಮನೆಯ ಬಾಗಿಲು ತಟ್ಟಿದರು. ಬಾಗಿಲಲ್ಲಿ ನಿಂತ ತಾಯಿ, ‘ನಮ್ಮ ಹುಡುಗಿ ಕದ್ದಿಲ್ಲ ಕಣಮ್ಮ. ಮುಗಿಸೋಕಾಗಲಿಲ್ಲ ಅಂತ ನಾಚ್ಕೊಂಡು ಬಂದಿಲ್ಲ ಅಷ್ಟೆ’ ಎಂದರು. ಆ ಮಾತು ಮೇಡಂ ಅವರನ್ನು ಚುಚ್ಚಿತು. ಮರುದಿನದಿಂದಲೇ ಅವರು ಪ್ರತಿ ಕಾದಂಬರಿಯ ಹಿಂಬದಿಗೆ ಒಂದು ಚೀಟಿ ಅಂಟಿಸತೊಡಗಿದರು: ‘ಎಷ್ಟನೇ ಪುಟದಲ್ಲಿ ಬಿಟ್ಟಿರಿ? ಯಾಕೆ? ಹೆಸರು ಬೇಡ.’ ಜನ ಬರೆದರು. ‘ಪುಟ ೧೭. ಇನ್ನೂ ಬೆಟ್ಟದ ವರ್ಣನೆಯೇ ನಡೀತಿದೆ.’ ‘ಪುಟ ೪೦. ನಾಯಕ ಥೇಟ್ ನಮ್ಮ ಭಾವ.’ ‘ಪುಟ ೩. ನಿದ್ದೆ.’ ಮೇಡಂ ಅವನ್ನೆಲ್ಲ ಕೂತು ಓದುತ್ತಿದ್ದರು. ಬೆಟ್ಟಕ್ಕೆ ಬೇಸತ್ತವರಿಗೆ ಮಾತಿನಿಂದ ಶುರುವಾಗುವ ಕಾದಂಬರಿ, ಭಾವನನ್ನು ಸಹಿಸದವರಿಗೆ ಭಾವಂದಿರೇ ಇಲ್ಲದ ಕಾದಂಬರಿ ಹುಡುಕಿ ಎತ್ತಿಡುತ್ತಿದ್ದರು.

ಸಾರ್ವಜನಿಕ ಸ್ವತ್ತನ್ನು ವಿರೂಪಗೊಳಿಸಿದ್ದೀರಿ, ವಿವರಣೆ ಕೊಡಿ ಎಂದು ಇಲಾಖೆಯಿಂದ ಮೆಮೋ ಬಂತು. ‘ಬಿಟ್ಟುಹೋಗುವವರನ್ನು ಉಳಿಸಿಕೊಳ್ಳಲು ಅಂಟಿಸಿದ ಚೀಟಿಗಳಿವು, ಇದಕ್ಕಿಂತ ಉತ್ತಮ ಉಪಾಯ ತಮ್ಮಲ್ಲಿದ್ದರೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ’ ಎಂದು ಅವರು ಉತ್ತರ ಬರೆದರು. ಇಲಾಖೆಯ ಉಪಾಯ ಇಂದಿನವರೆಗೂ ಬಂದಿಲ್ಲ.

ಅವರ ಸೇವೆಯ ಇಪ್ಪತ್ತೇಳನೆಯ ವರ್ಷದಲ್ಲಿ ಆ ಗ್ರಂಥಾಲಯದ ಮೆಟ್ಟಿಲು ಹತ್ತಿದ ಇಪ್ಪತ್ತೊಂದರ ಹುಡುಗಿಯೊಬ್ಬಳ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅವಳು ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ, ಹೊಲಿದು ಬಂದ ಪೀಸುಗಳ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವವಳು. ಪುಟ್ಟ ಕತ್ತರಿಯೊಂದು ಸದಾ ಕೊರಳಲ್ಲಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ‘ಕತ್ತರಿ’. ಅಲ್ಲಿ ಊಟದ ಬಿಡುವು ಅರ್ಧ ಗಂಟೆ. ಮೆಟ್ಟಿಲ ಕೆಳಗಿನ ಉದ್ದನೆಯ ಬೆಂಚಿನಲ್ಲಿ ಹದಿಮೂರು ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರು. ಶರ್ಟಿನ ಗುಂಡಿ ತೂರಿಸುವ ಕಾಜಾ ಹಾಕುವ ಮಷೀನಿನ ಹಿರಿಯಾಕೆ, ಎಲ್ಲರ ಕಾಜಾ ಅಕ್ಕ, ತಾನು ಓದಿದ ಕಾದಂಬರಿಯನ್ನು ದಿನಕ್ಕಿಷ್ಟು ಎಂದು ಹೇಳುತ್ತಿದ್ದಳು. ಶೌಚಾಲಯಕ್ಕೆ ಹೋಗಲೂ ಟೋಕನ್ ಯಾಕೆ ಎಂದು ಕೇಳಿದ ತಪ್ಪಿಗೆ ಒಂದು ಸೋಮವಾರ ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಬೆಂಚು ಮೂಕವಾಯಿತು. ಮಾತಿಲ್ಲದ ಊಟ ಬೇಗ ಮುಗಿಯುತ್ತದೆ; ಊಟ ಬೇಗ ಮುಗಿದದ್ದನ್ನು ಕಂಡ ಸೂಪರ್‌ವೈಸರ್ ಹತ್ತು ನಿಮಿಷ ಮೊದಲೇ ಕೈಬೀಸಿ ಕರೆಯತೊಡಗಿದ. ಅವರ ದಿನದಲ್ಲಿ ಅವರದೇ ಎನ್ನುವಂತಿದ್ದ ಆ ಅರ್ಧ ಗಂಟೆ ಹೀಗೆ ಎಲ್ಲರ ಕಣ್ಣೆದುರೇ ಸವೆಯತೊಡಗಿತು.

‘ಲೇ ಕತ್ತರಿ, ನೀನು ಹತ್ತನೇ ಕ್ಲಾಸ್ ಪಾಸಾದವಳು. ಏನಾದ್ರೂ ಓದ್ಕೊಂಡು ಬಂದು ಹೇಳೇ’ ಎಂದಳು ಕಾಲರ್ ಹೊಲಿಯುವ ಅಕ್ಕ.

‘ನಾನಾ? ಬಸ್ಸಿನ ಬೋರ್ಡು ಬಿಟ್ರೆ ಬೇರೇನೂ ಓದಿ ಆರು ವರ್ಷ ಆಯ್ತು ಕಣಕ್ಕ.’

‘ಹಂಗಾದ್ರೆ ಬಸ್ಸಿನ ಬೋರ್ಡೇ ಹೇಳು. ಆ ಸೂಪರ್‌ವೈಸರ್ ಮುಖ ನೋಡೋದಕ್ಕಿಂತ ವಾಸಿ.’

ಅವಳು ಬಂದದ್ದು ಒಂದು ಭಾನುವಾರ. ದುರದೃಷ್ಟವಶಾತ್ ಅದು ಬರಹಗಾರರೂ ಅಧ್ಯಾಪಕರೂ ಇರುವ ನಮ್ಮ ಓದುಬಳಗ ಅಲ್ಲಿ ಸೇರುವ ದಿನವಾಗಿತ್ತು. ದುಡಿಯುವ ಹುಡುಗಿಯೊಬ್ಬಳು ಕಾದಂಬರಿ ಕೇಳಿಕೊಂಡು ಬಂದಳೆಂದು ನಾವು ಹಿಗ್ಗಿದೆವು. ಮೇಡಂ ಹಿಂದಿನ ಕೋಣೆಯಿಂದ ಬರುವಷ್ಟರಲ್ಲಿ, ಗಿರಣಿ ಮುಷ್ಕರವನ್ನು ಕುರಿತ ಆರುನೂರು ಪುಟಗಳ ಕಾದಂಬರಿಯೊಂದು ಅವಳ ಚೀಲ ಸೇರಿತ್ತು. ಇದು ನಿನ್ನದೇ ಕಥೆ ಎಂದೂ ಅವಳಿಗೆ ಹೇಳಿದ್ದಾಯಿತು.

ಹತ್ತು ಗಂಟೆ ಮಷೀನಿನ ಸದ್ದಿನಲ್ಲಿ ನಿಂತು ಬಂದವಳು ಬಸ್ಸಿನಲ್ಲಿ ಪುಸ್ತಕ ಬಿಚ್ಚಿದರೆ ಅಲ್ಲೂ ಮಷೀನೇ. ಕಣ್ಣು ಮುಂದೆ ಹೋಗುತ್ತಿತ್ತು, ತಲೆ ಹಿಂದೆಯೇ ನಿಲ್ಲುತ್ತಿತ್ತು. ಬೆಂಚಿನವರು ಕೇಳಿದಾಗಲೆಲ್ಲ ‘ಇನ್ನೂ ಪಾತ್ರಗಳ ಪರಿಚಯ ಆಗ್ತಿದೆ’ ಎನ್ನುತ್ತಿದ್ದಳು. ‘ಎಷ್ಟು ಜನ ಇದ್ದಾರೋ, ನಮ್ಮ ಶಿಫ್ಟಿಗಿಂತ ಜಾಸ್ತಿಯೇನೋ’ ಎಂದು ಅವರು ಛೇಡಿಸಿದರು. ಮೂರು ವಾರ ಕಳೆದ ಮೇಲೆ ಅವಳು ಒಂದು ತೀರ್ಮಾನಕ್ಕೆ ಬಂದಳು: ದೊಡ್ಡವರು ಮೆಚ್ಚಿದ ಪುಸ್ತಕ ಕೆಟ್ಟದ್ದಿರಲಾರದು, ಕೆಟ್ಟಿರುವುದು ತನ್ನ ತಲೆಯೇ. ಹಿಂದಿರುಗಿಸಿ, ಇನ್ನು ಈ ಕಡೆ ಮುಖ ಹಾಕಬಾರದೆಂದುಕೊಂಡೇ ಬಂದಳು. ನಾವು ಅವಳನ್ನು ಬಿಟ್ಟೆವೇ? ಓದಿದೆಯಾ ಎಂದು ಕೇಳಿದೆವು. ಅವಳು ಓದಿದೆ ಎಂದಳು. ಹಾಗಾದರೆ ನಾಲ್ಕು ಮಾತಾಡು ಎಂದು ಅಲ್ಲೇ ಎಬ್ಬಿಸಿ ನಿಲ್ಲಿಸಿದೆವು.

‘ಈ ಪುಸ್ತಕ ತುಂಬಾ... ದೊಡ್ಡದಾಗಿದೆ’ ಎಂದಳು.

ನಮ್ಮ ಬಳಗದ ಅಧ್ಯಾಪಕರೊಬ್ಬರು ಮುಗುಳ್ನಕ್ಕು, ‘ನಾಯಕ ಕೊನೆಯಲ್ಲಿ ಮಾಡಿದ್ದು ನಿಮಗೆ ಸರಿ ಅನ್ನಿಸ್ತಾ?’ ಎಂದು ಕೇಳಿದರು.

‘ಸರಿಯಾಗೇ ಮಾಡ್ದ ಸಾರ್.’

‘ಅಲ್ಲಮ್ಮ, ಅವನು ಜೊತೆಗಾರರಿಗೆ ದ್ರೋಹ ಮಾಡ್ತಾನಲ್ಲ!’

ಯಾರೋ ನಕ್ಕರು. ಕತ್ತರಿಯ ಕಿವಿ ಕಾದವು. ಅವಳ ಕಣ್ಣು ಬಾಗಿಲನ್ನು ಹುಡುಕಿತು. ಶೋಷಣೆಯ ವಿರುದ್ಧ ಬರೆದೂ ಬರೆದೂ ಬೆರಳು ಸವೆಸಿಕೊಂಡ ನಾವು ಹದಿನಾಲ್ಕು ಮಂದಿ, ಒಬ್ಬ ಕೆಲಸದ ಹುಡುಗಿಯ ತಲೆ ತಗ್ಗಿಸಿ ಅವಳನ್ನು ಪುಸ್ತಕಗಳಿಂದ ಆಜೀವ ಹೊರಗಟ್ಟುವ ಕೆಲಸವನ್ನು ಮುಕ್ಕಾಲು ಪಾಲು ಮುಗಿಸಿದ್ದೆವು.

ಆಗ ಮೇಡಂ ತಮ್ಮ ಮೇಜಿನಿಂದ ಎದ್ದು ಬಂದು ಆ ಪುಸ್ತಕವನ್ನು ಕೈಗೆತ್ತಿಕೊಂಡರು. ‘ನಾನು ಇದನ್ನ ಅರವತ್ತೆರಡನೇ ಪುಟದಲ್ಲಿ ಬಿಟ್ಟೆ. ಎರಡು ಸಲ’ ಎಂದರು. ಹಿಂಬದಿ ತಿರುಗಿಸಿ ಚೀಟಿ ತೋರಿಸಿದರು; ಎರಡೂ ಸಾಲು ಅವರದೇ ಕೈಬರಹ. ‘ಈಗ ಒಬ್ಬೊಬ್ಬರೇ ನಿಮ್ಮ ಪುಟ ಹೇಳಿ. ಸುಳ್ಳು ಬೇಡ.’

ಒಬ್ಬರು ನೂರಹತ್ತು ಎಂದರು. ಇನ್ನೊಬ್ಬರು ಇನ್ನೂರು, ನಡುನಡುವೆ ಹಾರಿಸಿ, ಎಂದರು. ಪ್ರಶ್ನೆ ಕೇಳಿದ ಅಧ್ಯಾಪಕರು ಓದಿದ್ದು ಮುನ್ನುಡಿಯನ್ನು. ಅವಳ ಚೀಲಕ್ಕೆ ಅದನ್ನು ತುರುಕಿದ್ದ ವ್ಯಕ್ತಿ ಮೊದಲ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಮಾತ್ರ ಓದಿದ್ದು. ಈ ಲೇಖನ ಬರೆಯುವ ಹೊಣೆ ಬಿದ್ದಿರುವುದೂ ಆ ವ್ಯಕ್ತಿಯ ಮೇಲೆಯೇ. ಆ ಮಹಾಕೃತಿಯನ್ನು ಇಡಿಯಾಗಿ ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

‘ಹನ್ನೊಂದು’ ಎಂದಳು ಕತ್ತರಿ, ತಲೆ ಎತ್ತಿ. ‘ಅಲ್ಲಿ ಮಷೀನು ಶುರುವಾಯ್ತು ಮೇಡಂ. ಬೆಳಿಗ್ಗೆಯಿಂದ ಅದನ್ನೇ ಕೇಳಿರ್ತೀನಲ್ಲ, ಮತ್ತೆ ಬಸ್ಸಲ್ಲೂ ಕೇಳ್ಬೇಕಾ?’

‘ಹಾಗೇ ಬರೆದಿಡು. ಇವತ್ತಿನ ಸಭೆಯಲ್ಲಿ ಆಡಿದ ಒಂದೇ ಒಂದು ಸತ್ಯವಾದ ಮಾತು ಅದು’ ಎಂದು ಮೇಡಂ ಅವಳಿಗೆ ಪೆನ್ನು ಕೊಟ್ಟರು. ಆಮೇಲೆ ಕಪಾಟುಗಳ ನಡುವೆ ಕರೆದೊಯ್ದು, ನಿನಗೆ ಎಂಥ ಪುಸ್ತಕ ಇಷ್ಟ ಎಂದು ಕೇಳಲಿಲ್ಲ. ಓದದವರಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ ಎಂಬುದು ಅವರ ಅನುಭವ. ಪುಸ್ತಕ ಯಾರಿಗಾಗಿ ಎಂದು ವಿಚಾರಿಸಿ, ಊಟದ ಬೆಂಚಿನ ಸಂಗತಿ ತಿಳಿದ ಮೇಲೆ, ‘ನಿಮ್ಮ ಬೆಂಚಲ್ಲಿ ಯಾವುದಕ್ಕೆ ಜಗಳ ಆಗುತ್ತೆ?’ ಎಂದು ಕೇಳಿದರು.

‘ಮೊದಲು ಎಲ್ಲದಕ್ಕೂ ಆಗ್ತಿತ್ತು. ಒಂದ್ಸಲ ಒಬ್ಬಳ ಛತ್ರಿ ಕಳೀತು. ಯಾರು ತಗೊಂಡಿದ್ದು ಅಂತ ಹನ್ನೆರಡು ಜನ ಹನ್ನೆರಡು ಹೆಸರು ಹೇಳಿದ್ರು.’

ಮೇಡಂ ಮೂರು ತೆಳು ಕಾದಂಬರಿಗಳನ್ನು ಕೊಟ್ಟರು. ಮೊದಲನೆಯದನ್ನು ಅವಳು ಇಪ್ಪತ್ತನೇ ಪುಟದಲ್ಲಿ ಬಿಟ್ಟಳು: ‘ಬರೀ ನಿಟ್ಟುಸಿರು.’ ಎರಡನೆಯದು ಮೂವತ್ತನಾಲ್ಕರವರೆಗೆ ಬಂತು. ಮೂರನೆಯದು ಹೆಂಗಸರ ಹಾಸ್ಟೆಲೊಂದರಲ್ಲಿ ನಡೆದ ಕಳ್ಳತನದ ಕಥೆ. ಅದನ್ನು ಓದುತ್ತ ಅವಳು ತಾನಿಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ, ನಡೆದು ವಾಪಸು ಬಂದಳು.

ಮರುದಿನ ಬೆಂಚಿಗೆ ಬಾಯಿ ಬಂತು. ದಿನಕ್ಕೆ ಒಂದು ಅಧ್ಯಾಯ; ಹೇಳುವುದಕ್ಕಿಂತ ಹೆಚ್ಚು ತಾನೂ ಓದುವುದಿಲ್ಲವೆಂದು ಅವಳು ಹಟ ಹಿಡಿದಳು. ‘ಮುಂದಿನ ಪುಟ ನೋಡ್ಬಿಟ್ಟು ಹೇಳೇ, ಪುಣ್ಯ ಬರುತ್ತೆ’ ಎಂದು ಗೋಗರೆದವರಿದ್ದರು, ‘ಇವಳ ಕೊಬ್ಬು ನೋಡು’ ಎಂದು ಬೈದವರೂ ಇದ್ದರು. ಐದನೆಯ ದಿನ ಸೂಪರ್‌ವೈಸರ್ ಎಂದಿನಂತೆ ದೂರದಿಂದ ಕೈಬೀಸಿದ. ಕಾಲರ್ ಅಕ್ಕ ಅತ್ತ ತಿರುಗದೆಯೇ, ‘ಇನ್ನೂ ಎಂಟು ನಿಮಿಷ ಇದೆ ಸಾರ್. ಕಳ್ಳಿ ಸಿಕ್ಕಿಲ್ಲ’ ಎಂದಳು. ಹನ್ನೆರಡು ಜನರಲ್ಲಿ ಒಬ್ಬರೂ ಏಳಲಿಲ್ಲ. ಗಂಟೆ ಬಾರಿಸುವವರೆಗೆ ಅವನು ನಿಂತೇ ಇದ್ದ.

ಪುಸ್ತಕ ಮುಗಿದ ಸಂಜೆ ಅವಳು ಕಾರ್ಖಾನೆಯಿಂದ ನೇರವಾಗಿ ಗ್ರಂಥಾಲಯಕ್ಕೆ ನುಗ್ಗಿದಳು. ಆಯುಷ್ಯದಲ್ಲಿ ಮೊದಲ ಬಾರಿ ಒಂದು ಕಾದಂಬರಿ ಮುಗಿಸಿದವಳ ಮುಖದಲ್ಲಿ ಸಂತೋಷವಿರಲಿಲ್ಲ, ಉರಿ ಇತ್ತು.

‘ಕಸ ಗುಡಿಸೋಳೇ ಕಳ್ಳಿ ಅಂತ ಬರೆದಿದ್ದಾರೆ. ನಮ್ಮ ಬೆಂಚು ಒಪ್ಪಲ್ಲ ಮೇಡಂ. ಬೀಗದ ಕೈ ಇದ್ದಿದ್ದು ವಾರ್ಡನ್ ಹತ್ರ.’

‘ವಾರ್ಡನ್ ಅವತ್ತು ಊರಲ್ಲೇ ಇರಲಿಲ್ಲ ಕಣೇ.’

‘ಇರಲಿಲ್ಲ ಅಂತ ಹೇಳಿದ್ಯಾರು? ವಾರ್ಡನ್ನೇ! ಇನ್ಯಾರಾದ್ರೂ ನೋಡಿದ್ರಾ?’

ನಿಶ್ಶಬ್ದವೆಂದು ಬರೆದ ಹಲಗೆಯ ಕೆಳಗೇ ಇಬ್ಬರೂ ದನಿ ಏರಿಸಿದರು. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ‘ಶ್’ ಎಂದು ಗದರಿದರು. ಎರಡು ನಿಮಿಷ ಕೇಳಿಸಿಕೊಂಡ ಮೇಲೆ ಅವರೇ, ‘ಹುಡುಗಿ ಹೇಳೋದ್ರಲ್ಲಿ ಅರ್ಥ ಇದೆ’ ಎಂದು ಕುರ್ಚಿ ಎಳೆದುಕೊಂಡರು. ಮೇಡಂ ಕೊನೆಗೆ ಪುಸ್ತಕ ಮುಚ್ಚಿಟ್ಟು, ‘ಮೂರು ಸಲ ಓದಿದ್ದೀನಿ. ನನಗೆ ಇದು ಹೊಳೆಯಲೇ ಇಲ್ಲ’ ಎಂದರು. ಬಡವರ ಮೇಲೆ ಆರೋಪ ಹೊರಿಸುವುದು ಎಷ್ಟು ಸುಲಭ ಎಂಬುದನ್ನು ನಾವು ಆರುನೂರು ಪುಟಗಳ ಮೂಲಕ ಅವಳಿಗೆ ಕಲಿಸಹೊರಟಿದ್ದೆವು. ಅವಳು ಅದನ್ನು, ನಾವು ಕೀಳೆಂದು ಮೂಗು ಮುರಿಯುತ್ತಿದ್ದ ತೆಳು ಪುಸ್ತಕವೊಂದರಿಂದ ತಾನೇ ಹೆಕ್ಕಿ ತಂದು ನಮ್ಮ ಮುಂದಿಟ್ಟಳು.

ಒಂದು ಕಾದಂಬರಿಯಿಂದ ಕಾರ್ಖಾನೆ ಬದಲಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಟೋಕನ್ ಇನ್ನೂ ಇದೆ. ಕಾಜಾ ಅಕ್ಕನನ್ನು ವಾಪಸು ತೆಗೆದುಕೊಂಡಿಲ್ಲ. ಆದರೆ ಏಳು ವರ್ಷಗಳಿಂದ ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ಯಾರೂ ಕಿತ್ತುಕೊಂಡಿಲ್ಲ.

ನಿವೃತ್ತರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಅಭಿನಂದನ ಸಂಪುಟಕ್ಕೆ ಬರೆಯುವವರ ಕೊನೆಯ ಕರ್ತವ್ಯ. ಬೆಂಚಿನವರು ಅದನ್ನು ನಮಗಿಂತ ಚೆನ್ನಾಗಿ ಮಾಡಿದ್ದಾರೆ. ಅವರು ಲೇಖನ ಕೊಡಲಿಲ್ಲ, ಹೀಗೆಂದು ಹೇಳಿಕಳಿಸಿದರು: ‘ಮುಂದಿನ ತಿಂಗಳಿಂದ ಪ್ರತಿ ಭಾನುವಾರ ಮೂರು ಗಂಟೆಗೆ ಕಾಲರ್ ಅಕ್ಕನ ಮನೆ ಮಹಡಿ ಮೇಲೆ ಸೇರ್ತೀವಿ. ಪುಸ್ತಕ ನಾವೇ ಆರಿಸಿದ್ದೀವಿ, ಓದಿ ಹೇಳೋದು ಕತ್ತರಿ. ಮೇಡಂ ಬಂದು ಸುಮ್ನೆ ಕೂತು ಕೇಳ್ಬೇಕು. ಕೊನೆ ಗೊತ್ತಿದ್ರೂ ಬಾಯಿ ಬಿಡಬಾರದು.’ ಮೂವತ್ತನಾಲ್ಕು ವರ್ಷ ಇತರರಿಗಾಗಿ ಕಾದಂಬರಿ ಹುಡುಕಿ ದಣಿದ ಮಾನ್ಯರು ಇನ್ನು ಆ ಮಹಡಿಯಲ್ಲಿ ಕಾಲು ನೀಡಿ ಕೂತು ಕೇಳುವಂತಾಗಲಿ; ಒಪ್ಪಿಗೆಯಾಗದ ಕಡೆ ಜಗಳವಾಡಲು ಅವರ ದನಿಗೆ ಬಲವಿರಲಿ. ಭಾನುವಾರಕ್ಕೆ ಒಂದೇ ಅಧ್ಯಾಯವಂತೆ. ಆರಿಸಿರುವುದು ತುಂಬ ದಪ್ಪ ಪುಸ್ತಕವಂತೆ.