ಫಿಯೆಟ್ಟಿಗೆ ಪಲ್ಪರ್ ಪೇಂಟ್

ಕಾರಿನ ಎಂಜಿನ್‌ಗೆ ಮನೇಲೇ ಪೇಂಟ್ ಹೊಡೀಬಹುದಾ ಅಂತ ಯಾರಾದರೂ ಕೇಳಿದರೆ ಈಗಲೂ ಧಾರಾಳವಾಗಿ ಹೊಡೀಬಹುದು ಅಂತಲೇ ಹೇಳುತ್ತೇನೆ. ಯಾವ ಪೇಂಟ್ ಅಂತ ಮಾತ್ರ ತಿಳಿದವರನ್ನು ಮೊದಲು ಕೇಳಿ. ನಾನು ಕೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಬಿಳಿ ಫಿಯೆಟ್ ನಮ್ಮ ತೋಟದ ಶೆಡ್ಡಿನಲ್ಲಿ ಎರಡು ವರ್ಷದಿಂದ ಸುಮ್ಮನೆ ನಿಂತಿತ್ತು. ಯಜಮಾನರು ಜೀಪು ತಗೊಂಡ ಮೇಲೆ ನಾನೂ ಲೇಜಿ ಆಗಿದ್ದೆ. ಒಂದು ದಿನ ತವರೂರು ಕೆ. ಹೊಸಕೋಟೆಯಿಂದ ಅಪ್ಪನ ಫೋನು.

"ಓಡಿಸದೆ ಯಾಕವ್ವಾ ಇಟ್ಕಂಡಿದೀಯ? ನಿನ್ನ ತಮ್ಮ ಕೇಳ್ತಾವ್ನೆ. ಭಾನುವಾರ ಬಂದು ನೋಡ್ತೀನಿ. ಚೆನ್ನಾಗಿ ನೋಡ್ಕಂಡಿದ್ರೆ ನಿಂದು, ಇಲ್ದಿದ್ರೆ ಅವನು ತಗೊಂಡು ಹೋಗ್ಲಿ."

ಫೋನ್ ಇಟ್ಟ ಕ್ಷಣ ನನಗೆ ಆ ಕಾರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಡ್ರೈವಿಂಗ್ ಕಲಿತದ್ದು ಅದರಲ್ಲೇ. ಯಾರಿಗೂ ಹೇಳದೆ ಕೇಳದೆ ಸಕಲೇಶಪುರಕ್ಕೆ ಹೋಗಿ ಒಂದು ಕಾದಂಬರಿ, ನಾಲ್ಕು ಬನ್ನು ತಂದುಕೊಂಡದ್ದೂ ಅದರಲ್ಲೇ. ಜೀಪಿನಲ್ಲಿ ಹೋಗಬೇಕೆಂದರೆ ಯಜಮಾನರು ಬೇಕು, ಅವರಿಗೆ ಗೊಬ್ಬರದ ಅಂಗಡಿಯಲ್ಲಿ ಕೆಲಸ ಇರಬೇಕು.

ಅಪ್ಪ ಕಾರು ನೋಡುವ ರೀತಿಯೇ ಬೇರೆ. ಎತ್ತಿನ ಹಲ್ಲು ನೋಡಿದ ಹಾಗೆ, ಮೊದಲು ಬಾನೆಟ್ ಎತ್ತುತ್ತಿದ್ದರು. ನಮ್ಮ ಎಂಜಿನ್ನೋ ಜಿಡ್ಡು, ತುಕ್ಕು, ಮೂಲೆಯಲ್ಲಿ ಇಲಿ ಕೂಡಿಟ್ಟ ಕಾಫಿ ಸಿಪ್ಪೆ. ಹಾಸನದ ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. "ಎಂಜಿನ್ ಇಳಿಸ್ಬೇಕು ಮೇಡಂ. ತೊಳೀಬೇಕು, ಪ್ರೈಮರ್ ಕೊಡ್ಬೇಕು, ಒಣಗಿಸ್ಬೇಕು. ಹದಿನೈದು ದಿನ." ನನಗಿದ್ದದ್ದು ಐದೇ ದಿನ.

"ಪಲ್ಪರ್‌ಗೆ ಹೊಡೆಯೋ ಪೇಂಟ್ ಐತಲ್ಲಮ್ಮಾ," ಅಂದರು ನಮ್ಮ ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ವರ್ಷ ವರ್ಷ ಕುಯ್ಲಿಗೆ ಮುಂಚೆ ಹಸಿರು ಪೇಂಟ್ ಬಳಿಯುವುದು ನಮ್ಮ ಕಡೆ ಪದ್ಧತಿ. "ಹತ್ತು ವರ್ಷದಿಂದ ಹೊಡೀತಾ ಇವ್ನಿ, ಒಂದು ಚಕ್ಕೆ ಎದ್ದಿಲ್ಲ. ಅದೂ ಮಿಷನ್ನು, ಇದೂ ಮಿಷನ್ನು."

ಈ ಲಾಜಿಕ್ ನನಗೆ ಸರಿಯಾಗಿಯೇ ಕಂಡಿತು. ಎರಡು ದಿನ ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಿದೆ. ಪೇಂಟ್ ತಾಗಬಾರದ ಕಡೆಗೆಲ್ಲ ಪೇಪರ್ ಸುತ್ತಿ ಟೇಪ್ ಹಚ್ಚಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಎಂಬ್ರಾಯ್ಡರಿ ಕಲಿಸಿ ಪಳಗಿಸಿದ ಕೈ, ಒಂದು ಗೆರೆ ಆಚೆ ಹೋಗಲಿಲ್ಲ.

"ಹೊಗೆ ಪೈಪ್ ಯಾಕೆ ಬಿಟ್ಟೆ? ಅದಕ್ಕೂ ಒಂದು ಕೈ ಹಾಕ್ಬುಡು, ಮ್ಯಾಚಿಂಗ್ ಆಗ್ಲಿ," ಅಂತ ಯಜಮಾನರು ಜಗಲಿಯಿಂದ ರೇಗಿಸಿದರು. ನಾನು ಎಂಜಿನ್ನಿಗೆ ಅಂಟಿಕೊಂಡೇ ಇರುವ ಆ ಪೈಪಿಗೂ ಬಳಿದೆ. ಶನಿವಾರ ಜೀಪಿನ ಬ್ಯಾಟರಿ ಹಾಕಿ ಒಂದು ನಿಮಿಷ ಸ್ಟಾರ್ಟ್ ಮಾಡಿ ಸದ್ದು ಕೇಳಿ, ಧೂಳು ಕೂತೀತು ಅಂತ ಆಫ್ ಮಾಡಿದೆ.

ಭಾನುವಾರ ಅಪ್ಪ ಬಂದವರು ಕಾಫಿ ಕೂಡ ಕುಡಿಯದೆ ಬಾನೆಟ್ ಎತ್ತಿದರು. ಸುಮಾರು ಹೊತ್ತು ಬಗ್ಗಿ ನೋಡಿದರು. "ಎಲ್ಲಿ ಮಾಡಿಸ್ದೆ?"

"ಹಾಸನದಲ್ಲಿ ಅಪ್ಪಾ. ಪಳಗಿದೋರ ಕೆಲಸ," ಅಂದುಬಿಟ್ಟೆ. ಯಜಮಾನರು ಕೆಮ್ಮುತ್ತಾ ಒಳಗೆ ಹೋದರು.

"ಹೂಂ. ಹೊಡಿ ಗಾಡಿ. ಪಾಳ್ಯದ ತನಕ ಹೋಗಿ ಬರಾನ."

ದಾರಿಯಲ್ಲಿ ಒಂದು ಏರು. ಅದರ ಅರ್ಧಕ್ಕೆ ಬರುವಾಗ ಅಪ್ಪ ಮೂಗು ಅರಳಿಸಿದರು. "ಏನೋ ಸೀದಂಗೆ ವಾಸ್ನೆ."

"ಯಾರೋ ಕಸ ಸುಡ್ತಿದಾರೆ ಅಪ್ಪಾ."

ಇನ್ನೊಂದು ತಿರುವು ಕಳೆಯಿತು. ಬಾನೆಟ್ಟಿನ ಅಂಚಿನಿಂದ ಹೊಗೆ. "ಕಸ ನಮ್ ಜೊತೇಲೇ ಬರ್ತಾ ಐತಲ್ಲವ್ವಾ," ಅಂದರು.

ನಿಲ್ಲಿಸಿ ನೋಡಿದರೆ, ಹೊಗೆ ಪೈಪಿನ ಮೇಲೆ ನನ್ನ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಅಪ್ಪ ಸೊಂಟದ ಮೇಲೆ ಕೈ ಇಟ್ಟು ನಿಂತರು. "ನೀರಲ್ಲಿ ನೆನೆಯೋ ಮಿಷನ್ನಿನ ಪೇಂಟನ್ನ ಬೆಂಕಿಯಂಗೆ ಕಾಯೋ ಮಿಷನ್ನಿಗೆ ಹೊಡೆದವ್ರಲ್ಲ, ಹಾಸನದೋರು ಭಾರೀ ಬುದ್ಧಿವಂತ್ರು ಕಣವ್ವಾ. ನಮ್ ಪಲ್ಪರ್ರೂ ಇದೇ ಬಣ್ಣ. ಬಾನೆಟ್ ಎತ್ತಿದಾಗ್ಲೇ ಗೊತ್ತಾಯ್ತು."

"ನಾನೇ ಹೊಡೆದದ್ದು. ಸುಳ್ಳು ಹೇಳಿದೆ. ಆದ್ರೆ ಕಾರು ಮಾತ್ರ ಕೊಡಲ್ಲ. ಐ ವೋಂಟ್ ಗಿವ್ ಇಟ್!" ಮಕ್ಕಳ ತಾಯಿ ನಾನು, ನಡುರಸ್ತೆಯಲ್ಲಿ ಕಾಲು ಕುಟ್ಟಿದೆ.

ಅಪ್ಪ ಜೋರಾಗಿ ನಕ್ಕರು. "ಇಂಗ್ಲಿಷ್ ಬಂತು ಅಂದ್ರೆ ಈಗ ನಿಜ ಹೇಳ್ತಾವ್ಳೆ ಅಂತ." ಆಮೇಲೆ ಮತ್ತೆ ಬಗ್ಗಿ, ಬೆರಳು ಹೋಗದ ಒಂದು ಸಂದಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಇಲ್ಲೆಲ್ಲ ಉಜ್ಜಿದೀಯಲ್ಲೇ! ಬೇಡ ಅನ್ನೋರು ಹಿಂಗೆ ಉಜ್ಜಲ್ಲ. ಇಟ್ಕೋ."

ಎಂಜಿನ್ ತಣ್ಣಗಾಗುವ ತನಕ ಇಬ್ಬರೂ ರಸ್ತೆ ಪಕ್ಕದ ದಿಬ್ಬದ ಮೇಲೆ ಕೂತಿದ್ದೆವು. ಮನೆಗೆ ಬಂದ ಮೇಲೆ ಅವರೇ ತಮ್ಮನಿಗೆ ಫೋನ್ ಮಾಡಿದರು: "ಕಾರು ಚೆನ್ನಾಗೈತೆ ಕಣೋ. ಅದಕ್ಕೇ ನಿಂಗೆ ಸಿಗಲ್ಲ."

ಮುಂದಿನ ವಾರ, ಪೈಪಿನ ಪೇಂಟ್ ಕೆರೆದು ತೆಗೆದ ಮೇಲೆ, ನಾನೊಬ್ಬಳೇ ಅದನ್ನು ಓಡಿಸಿಕೊಂಡು ಹೋಗಿ ಹಾಸನದ ಗ್ಯಾರೇಜಿನಲ್ಲಿ ಬಿಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ವಾಪಸ್ ಬಂದೆ. ಹದಿನೈದು ದಿನ ಅಂದವರು ಇಪ್ಪತ್ತೆರಡು ದಿನ ತಗೊಂಡರು. ಆನೆಸ್ಟ್ ಆಗಿ ಹೇಳಬೇಕೆಂದರೆ, ಅವರ ಕೆಲಸ ನನ್ನದಕ್ಕಿಂತ ಎಷ್ಟೋ ಚೆಂದ. ಶಾಖ ತಡೆಯುವ ಪೇಂಟ್, ಎಷ್ಟು ಏರು ಹತ್ತಿದರೂ ಮಿಸುಕಲಿಲ್ಲ. ಆ ಇಪ್ಪತ್ತೆರಡು ದಿನವೂ ಬೆಳಿಗ್ಗೆ ತಿಂಡಿ ಹೊತ್ತಿಗೆ ಅಪ್ಪನ ಫೋನ್ ಬರುತ್ತಿತ್ತು. ಹಲೋ ಇಲ್ಲ, ಚೆನ್ನಾಗಿದೀಯಾ ಇಲ್ಲ. "ನಿನ್ನ ಕಾರು ಬಂತೇನವ್ವಾ?" ಈಗ ಅಪ್ಪ ಇಲ್ಲ. ಆದರೂ ಹೇಳುತ್ತೇನೆ, ಅಷ್ಟು ದಿನ ಅವರು ಒಂದು ಸಲವೂ ಬಾಯಿ ತಪ್ಪಿ "ನಾನು ಕೊಟ್ಟ ಕಾರು" ಅನ್ನಲಿಲ್ಲ.